ಮಲಗಿದ ಚುಕ್ಕಿ, ಸತ್ತ ಚುಕ್ಕಿ

ಪಲ್ಲವ್ವ ಗೋಡೆಗೆ ಬೆನ್ನು ಮಾಡಿ ಕೂತಿದ್ದಳು. ಅವಳ ಸೊಂಟದ ಮೇಲ್ಭಾಗಕ್ಕೆ, ಎಡಕ್ಕೊಂದು ಬಲಕ್ಕೊಂದು, ಅಂಗೈ ಅಗಲದ ಮೆತ್ತನೆಯ ಬಿಲ್ಲೆ ಅಂಟಿಸಿ ಡಾ. ಜುಬೇದಾ ನದಾಫ ಗೋಡೆಯ ಕಡೆ ನೋಡಿದಳು. ಅಲ್ಲಿ ತೂಗುಹಾಕಿದ್ದ ಕಪ್ಪು ಪರದೆಯ ಮೇಲೆ ಮೊದಲು ಒಂದು ಚುಕ್ಕಿ ಹತ್ತಿತು. ಅದರ ಪಕ್ಕ ಇನ್ನೊಂದು. ಆಮೇಲೆ ಸಾಸಿವೆ ಚೆಲ್ಲಿದ ಹಾಗೆ ನೂರಾರು. ನೋಡನೋಡುತ್ತ ಎರಡು ದೊಡ್ಡ ಅವರೆಕಾಳು ಎದುರುಬದುರು ನಿಂತಂಥ ಆಕಾರ ಹಳದಿ ಬೆಳಕಿನಲ್ಲಿ ಮೂಡಿತು. ಆದರೆ ಕಾಳುಗಳು ಇಡಿಯಾಗಿರಲಿಲ್ಲ. ಇಲಿ ಕಡಿದ ರೊಟ್ಟಿಯ ಹಾಗೆ ಅಲ್ಲಲ್ಲಿ ಕಪ್ಪು.

ಶೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಅರವತ್ತು ಹೆಂಗಸರ ಕೈ ಒಮ್ಮೆಲೇ ನಿಂತಿತು.

“ಇದು ಯಾರ್ದು ಬೇ?” ಎಂದಳು ಮೈಲವ್ವ. ಆ ಶೆಡ್ಡಿನಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿ ಅವಳದು.

“ಪಲ್ಲವ್ವ ಚಿಗವ್ವಂದ. ಅಕಿ ಕಿಡ್ನಿ ಇವು,” ಎಂದಳು ಜುಬೇದಾ.

“ಹೊಟ್ಟಿ ಕೊಯ್ಯಲಾರದ? ಯವ್ವಾ ನನ್ನ ಶಿವನ!” ಮೈಲವ್ವ ಸೆರಗಿನಿಂದ ತನ್ನ ಸೊಂಟ ಮುಚ್ಚಿಕೊಂಡಳು. ತನ್ನದೂ ಯಾರಿಗಾದರೂ ಕಾಣುತ್ತಿರಬಹುದೆಂದು ಅವಳಿಗೆ ಅನುಮಾನ.

ಫಕೀರವ್ವ ಪರದೆಯ ಹತ್ತಿರಕ್ಕೆ ಸರಿದಳು. ಪಲ್ಲವ್ವ ಅವಳ ಒಡಹುಟ್ಟಿದ ತಂಗಿ. ಅಕ್ಕನಿಗೆ ಅಜ್ಜಿಯ ಹೆಸರಿಟ್ಟ ಅಪ್ಪ, ಮೂರು ವರ್ಷದ ಮೇಲೆ ಹುಟ್ಟಿದವಳಿಗೆ ಹೊಸ ಕಾಲದ ಹೆಸರಿರಲಿ ಎಂದು ಪಲ್ಲವಿ ಎಂದು ಬರೆಸಿದ್ದ. ಶೆಡ್ಡಿಗೆ ಬಂದ ವಾರದೊಳಗೆ ಆ ಹೆಸರು ಪಲ್ಲವ್ವ ಆಯಿತು. ಈಗ ಅಕ್ಕನಿಗೆ ಐವತ್ತಾರು, ತಂಗಿಗೆ ಐವತ್ಮೂರು. ಗಂಡಂದಿರನ್ನು ಕಳಕೊಂಡ ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಒಲೆಯ ಮೇಲೆ ರೊಟ್ಟಿ ಸುಟ್ಟುಕೊಂಡು ಇದ್ದರು. ಆ ಕಪ್ಪು ತೂತುಗಳನ್ನು ನೋಡುತ್ತಿದ್ದಂತೆ ಫಕೀರವ್ವನ ಕೈಯೊಳಗಿನ ಮೆಣಸಿನಕಾಯಿ ಹಿಸುಕಿ ಬೀಜವೆಲ್ಲ ಮಡಿಲಿಗೆ ಸುರಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಆ ಯಂತ್ರದ ಹೆಸರು ಒಳಗನ್ನಡಿ. ಎರಡು ಸಾವಿರದ ಐವತ್ತೆಂಟನೇ ಇಸವಿಯ ಜನವರಿಯಲ್ಲಿ, ಬ್ಯಾಡಗಿ ಊರ ಹೊರಗಿನ ಆ ಮೆಣಸಿನಕಾಯಿ ಶೆಡ್ಡಿಗೆ ಅದು ಬಂದಾಗ, ಇಡೀ ರಾಜ್ಯದಲ್ಲಿ ಅಂಥವು ಇದ್ದದ್ದು ನಾಲ್ಕೇ ನಾಲ್ಕು. ನಮ್ಮ ಒಂದೊಂದು ಮೂತ್ರಪಿಂಡದಲ್ಲೂ ರಕ್ತ ಸೋಸುವ ಸಣ್ಣ ಸಣ್ಣ ಜರಡಿಗಳು ಹತ್ತು ಲಕ್ಷದಷ್ಟು ಇರುತ್ತವೆ. ಬಿಲ್ಲೆಯಿಂದ ಹೊರಟ, ಕಿವಿಗೆ ಕೇಳದ ಸದ್ದಿನ ಅಲೆಗಳು ಆ ಜರಡಿಗಳ ತನಕ ಹೋಗಿ, ಎಲ್ಲಿ ರಕ್ತ ಹರಿಯುತ್ತಿದೆ, ಎಲ್ಲಿ ನಿಂತಿದೆ ಎಂದು ತಿಳಿದುಕೊಂಡು ವಾಪಸು ಬರುತ್ತವೆ. ಹರಿಯುವ ಕಡೆ ಚುಕ್ಕಿ ಹತ್ತುತ್ತದೆ. ಒಂದು ಚುಕ್ಕಿಯೆಂದರೆ ಸಾವಿರ ಜರಡಿ. ಮೊದಲಾದರೆ ರಕ್ತ ಕೊಟ್ಟು, ವರದಿಗೆ ಕಾದು, ಅದರೊಳಗಿನ ಅಂಕಿಯನ್ನು ಡಾಕ್ಟರು ಓದಿ ಹೇಳಬೇಕಿತ್ತು. ಈಗ ಅಕ್ಷರ ಬಾರದವಳೂ ತನ್ನೊಳಗಿನ ದೀಪವನ್ನು ತಾನೇ ನೋಡಬಹುದಾಗಿತ್ತು.

ಜುಬೇದಾ ಅದನ್ನು ಮೊದಲು ಈ ಶೆಡ್ಡಿಗೇ ತಂದದ್ದಕ್ಕೆ ಕಾರಣವಿತ್ತು. ಅವಳ ತಾಯಿ ಇದೇ ನೆಲದ ಮೇಲೆ ಕೂತು ತೊಟ್ಟು ಬಿಡಿಸಿದವಳು. ತಾಯಿಯ ಜೊತೆ ಕೂತವರೆಲ್ಲ ಅವಳಿಗೆ ಚಿಗವ್ವ, ಅಂದರೆ ಚಿಕ್ಕಮ್ಮ. ಎಲ್ಲ ಕೆಲಸಕ್ಕೂ ಯಂತ್ರ ಬಂದ ಕಾಲದಲ್ಲೂ ಮೆಣಸಿನಕಾಯಿಯ ತೊಟ್ಟು ಬಿಡಿಸುವುದಕ್ಕೆ ಕೈಯೇ ಬೇಕಾಗಿತ್ತು. ನೆರಿಗೆ ನೆರಿಗೆಯಾದ ಇಲ್ಲಿಯ ಕಾಯಿಯನ್ನು ಯಂತ್ರ ಹಿಡಿದರೆ ಹೆಗಲಲ್ಲೇ ಹರಿಯುತ್ತದೆ, ಬೀಜ ಚೆಲ್ಲುತ್ತದೆ, ಬಣ್ಣ ಕೆಡುತ್ತದೆ. ಹಾಗಾಗಿ ಮುಂಜಾನೆ ಎಂಟಕ್ಕೆ ಕೆಂಪು ರಾಶಿಯ ಸುತ್ತ ಕಾಲು ಮಡಚಿ ಕೂತ ಹೆಂಗಸರು ಸಂಜೆ ಆರಕ್ಕೆ ಒಬ್ಬರಿಗೊಬ್ಬರು ಕೈಕೊಟ್ಟು ಏಳುತ್ತಿದ್ದರು. ಮೊಣಕಾಲು, ನಡು, ಕುತ್ತಿಗೆ, ಹೆಬ್ಬೆರಳಿನ ಬುಡ ಎಲ್ಲವೂ ನೋವು. ಅದಕ್ಕೆ ನೋವಿನ ಗುಳಿಗೆ. ಎಲೆಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕದಲ್ಲೇ ಗುಳಿಗೆಯ ಹಾಳೆ ಇರುತ್ತಿತ್ತು. ಎಲೆ ಕೊಟ್ಟಷ್ಟೇ ಸಲೀಸಾಗಿ ಒಬ್ಬಳು ಇನ್ನೊಬ್ಬಳಿಗೆ ಗುಳಿಗೆ ಕೊಡುತ್ತಿದ್ದಳು.

“ಗುಳಿಗಿ ನೋವನ್ನ ಹೆಂಗ ನಿಲ್ಲಸತೈತಿ ಗೊತ್ತೇನ್ರಿ?” ಜುಬೇದಾ ಪರದೆಯ ಪಕ್ಕ ನಿಂತು ಕೇಳಿದಳು. “ಮೈಯಾಗ ಒಂದು ರಸ ಇರತೈತಿ. ಪೆಟ್ಟು ಬಿದ್ದ ಜಾಗದಾಗ ಬಾವು ಬರಿಸಿ, ‘ಇಲ್ಲಿ ನೋವೈತಿ’ ಅಂತ ಕೂಗೋದು ಅದ. ಕಿಡ್ನಿಗೆ ಹೋಗೋ ರಕ್ತನಾಳದ ಬಾಯಿ ತೆರೆದು ಹಿಡಿಯೋದೂ ಅದ. ಗುಳಿಗಿ ಆ ರಸಾನ ಹುಟ್ಟಗೊಡಂಗಿಲ್ಲ. ನೋವು ಸುಮ್ಮನಾಗತೈತಿ, ಕಿಡ್ನಿಗೆ ನೀರು ಹಾಯಿಸೋ ಕಾಲುವಿನೂ ಬಂದ್ ಆಗತೈತಿ.”

“ಅದಕ್ಕ ನಮ್ಮ ಫಕೀರಕ್ಕನ ಕಷಾಯ ಐತೆಲ್ಲ!” ಎಂದು ನಾಲ್ಕಾರು ಜನ ಒಟ್ಟಿಗೆ ಅಂದರು.

ಅದು ನಿಜ. ಫಕೀರವ್ವನ ಕಷಾಯಕ್ಕೆ ಆ ಶೆಡ್ಡಿನಲ್ಲಿ ಹದಿನೈದು ವರ್ಷದ ಹೆಸರು. ನೆಗ್ಗಿನಮುಳ್ಳು, ಹವೀಜವೆನ್ನುವ ಕೊತ್ತಂಬರಿ ಬೀಜ, ಜವೆಗೋದಿ, ಒಣಶುಂಠಿ. ಮೂರು ತಂಬಿಗೆ ನೀರು ಎರಡು ತಂಬಿಗೆಗೆ ಇಳಿಯುವ ತನಕ ಕುದಿಸಿ, ಕೆಲಸ ಮುಗಿದ ಮೇಲೆ ಒಬ್ಬೊಬ್ಬರಿಗೆ ದೊಡ್ಡ ಲೋಟದಲ್ಲಿ ಎರಡೆರಡು ಸಲ ಕೊಡುತ್ತಿದ್ದಳು. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ‘ಗುಳಿಗಿಯ ಉಷ್ಣ ತೊಳೆದು ಹೋಗಲಿ’ ಎನ್ನುವುದು ಅವಳ ಮಾತು. ಅವಳು ಸ್ವತಃ ಗುಳಿಗೆ ನುಂಗಿದವಳಲ್ಲ. ಹಲ್ಲು ಕಚ್ಚಿ ನೋವು ತಿನ್ನುವ ಜಾತಿ.

“ಜುಬೇದಾ, ಇದನ್ನೂ ನಿನ್ನ ಕನ್ನಡ್ಯಾಗ ಹಿಡಿ ನೋಡೋಣು,” ಎಂದು ಫಕೀರವ್ವ ಹಂಡೆಯ ಮುಚ್ಚಳ ತೆಗೆದಳು. ದನಿಯಲ್ಲಿ ಸ್ವಲ್ಪ ಸವಾಲಿತ್ತು, ಹೆಚ್ಚು ಅಂಜಿಕೆಯಿತ್ತು.

“ಅದಕ್ಕ ಮಾಡೀನಿ ಚಿಗವ್ವ. ಯಾರ ಔಷಧ ಆದ್ರೂ ಇದರ ಮುಂದ ನಿಂತು ಸತ್ಯ ಹೇಳಬೇಕು.”

ಪಲ್ಲವ್ವ ಎರಡು ಲೋಟ ಕುಡಿದಳು. ಹತ್ತು ನಿಮಿಷ ಏನೂ ಇಲ್ಲ. ಮೈಲವ್ವ ಆಕಳಿಸಿದಳು. ಇಪ್ಪತ್ತು ನಿಮಿಷ. ಅರ್ಧ ಗಂಟೆಯಾಗುತ್ತ ಬಂದಾಗ ಎಡಗಡೆಯ ಕಾಳಿನ ಅಂಚಿನಲ್ಲಿ, ಕಪ್ಪಿನ ನಟ್ಟನಡುವೆ, ಒಂದು ಚುಕ್ಕಿ ಮಿಣುಕಿತು. ಆಮೇಲೆ ಎರಡು. ಆಮೇಲೆ ಯಾರೋ ಊದುಗೊಳವೆಯಿಂದ ಕೆಂಡ ಊದಿದ ಹಾಗೆ ಸಾಲು ಸಾಲಾಗಿ ಹತ್ತುತ್ತ ಹೋದವು. ಹೆಂಗಸರು ಎದ್ದು ನಿಂತರು. ಯಾರೋ ಅತ್ತರು. ಯಾರೋ ಫಕೀರವ್ವನ ಕಾಲು ಹಿಡಿಯಲು ಹೋಗಿ ಬೈಸಿಕೊಂಡರು. ಶೆಡ್ಡಿನ ಮಾಲೀಕ ಕುಬೇರಪ್ಪ, ತಕ್ಕಡಿಯ ಹತ್ತಿರ ನಿಂತಿದ್ದವನು, ಬಾಯಿ ತೆರೆದದ್ದು ಮುಚ್ಚಲಿಲ್ಲ.

“ಸತ್ತದ್ದು ಎದ್ದು ಬಂತಲ್ಲೇ!” ಎಂದು ಮೈಲವ್ವ ಕೂಗಿದಳು.

“ಸತ್ತದ್ದಲ್ಲರಿ, ಮಲಗಿದ್ದವು!” ಜುಬೇದಾ ಗದ್ದಲದ ನಡುವೆ ದನಿ ಏರಿಸಿದಳು. “ಮಲಗಿದ್ದೂ ಸತ್ತದ್ದೂ ಈ ಕನ್ನಡಿಗೆ ಎರಡೂ ಕಪ್ಪು. ಹೊಳ್ಳಿ ಹತ್ತಿದ ಮ್ಯಾಲೆನ ಗೊತ್ತಾಗೋದು ಅದು ಮಲಗಿತ್ತು ಅಂತ. ಗುಳಿಗಿ ನಿಲ್ಲಸ್ರಿ, ಅಂದ್ರ ಮಾತ್ರ...”

ಕೇಳುವವರು ಯಾರು? ಪಲ್ಲವ್ವನನ್ನು ಎತ್ತಿ ಕುಣಿಸುವುದೊಂದು ಬಾಕಿ ಇತ್ತು. ಫಕೀರವ್ವನೂ ಕೇಳಲಿಲ್ಲ. ಅವಳ ಕಣ್ಣಲ್ಲಿ ತಂಗಿಯ ಹಳದಿ ದೀಪಗಳೇ ತುಂಬಿಕೊಂಡಿದ್ದವು.

ಜುಬೇದಾ ಕನ್ನಡಿಯನ್ನು ಶೆಡ್ಡಿನ ಗೋಡೆಗೆ ಬಿಟ್ಟು ಹೋದಳು. ಇನ್ನೂ ಮೂರು ಊರುಗಳ ಕೆಲಸ ಅವಳ ಮೇಲಿತ್ತು. ಹಂಗಾಮು ಮುಗಿಯುವ ಮೇ ತಿಂಗಳಲ್ಲಿ ಬಂದು, ಐದು ತಿಂಗಳ ದಾಖಲೆಯನ್ನು ಒಟ್ಟಿಗೆ ನೋಡುವುದೆಂದು ಮಾತಾಯಿತು. ಆ ಕಾಲಕ್ಕೆ ಬಂದಿದ್ದ ಕಾನೂನಿನ ಪ್ರಕಾರ ಒಬ್ಬರ ಮೈಯೊಳಗಿನ ಚಿತ್ರವನ್ನು ಅವರು ಎದುರಿಗೆ ಇಲ್ಲದೆ ಯಾರೂ, ಡಾಕ್ಟರಾದರೂ, ತೆರೆದು ನೋಡುವಂತಿರಲಿಲ್ಲ.

ಅವಳು ಹೋದ ಮೇಲೆ ಶೆಡ್ಡಿಗೆ ಹೊಸದೊಂದು ರೂಢಿ ಬಂತು. ಸಂಜೆ ಕೆಲಸ ಬಿಟ್ಟವರು ಕಷಾಯ ಕುಡಿದು, ಅರ್ಧ ಗಂಟೆ ಹರಟೆ ಹೊಡೆದು, ಕನ್ನಡಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಹೊಸ ಸೀರೆ ತೋರಿಸಿದಷ್ಟೇ ಬಿಂಕದಿಂದ ತಮ್ಮ ತಮ್ಮ ಚುಕ್ಕಿ ತೋರಿಸುತ್ತಿದ್ದರು. “ನಿನ್ನವೇನು ಬೇ, ದೀಪಾವಳಿ!” “ನಿನ್ನ ಬಲಗಡೀದು ಯಾಕ ಸಪ್ಪಗೈತಿ, ಇನ್ನೊಂದು ಲೋಟ ಹಾಕು.” ಪಕ್ಕದ ಶೆಡ್ಡುಗಳಿಂದಲೂ ಹೆಂಗಸರು ತಂಬಿಗೆ ಹಿಡಿದು ಬರತೊಡಗಿದರು. ಫಕೀರವ್ವ ಹಂಡೆ ಬದಲಿಸಿ ದೊಡ್ಡದು ತಂದಳು. ನೆಗ್ಗಿನಮುಳ್ಳು ಹುಡುಕಿ ಹೊಲದ ಬದುಗಳನ್ನೆಲ್ಲ ಅಲೆದಳು. ಮುಳ್ಳು ಚುಚ್ಚಿದ ಬೆರಳು ನೋಡಿಕೊಂಡು ನಗುತ್ತಿದ್ದಳು. ಬದುಕಿನಲ್ಲಿ ಮೊದಲ ಸಲ ಯಾರೋ ಅವಳನ್ನು ‘ಫಕೀರಮ್ಮನವರೇ’ ಎಂದು ಕರೆದಿದ್ದರು.

ಮೇ ತಿಂಗಳ ಎರಡನೇ ವಾರ ಜುಬೇದಾ ಬಂದ ದಿನವೇ ಕುಬೇರಪ್ಪ ಶೆಡ್ಡಿನ ಬಾಗಿಲಿಗೆ ಮಾವಿನ ಎಲೆ ಕಟ್ಟಿಸಿದ್ದ. ಕಷಾಯವನ್ನು ಬಾಟಲಿಯಲ್ಲಿ ತುಂಬಿ ಮಾರುವ ಕಂಪನಿಯವರು ಇಬ್ಬರು ಬಂದು ಕುರ್ಚಿಯ ಮೇಲೆ ಕೂತಿದ್ದರು. “ನಮ್ಮ ಪಲ್ಲವ್ವನ್ನ ಕರಿಯವಾ,” ಎಂದ ಕುಬೇರಪ್ಪ. “ಮೊದಲು ಹತ್ತಿದ್ದು ಅಕೀವ ದೀಪ. ಅಕೀನ ತೋರಸಲಿ.”

ಪಲ್ಲವ್ವ ಬಂದಳು. ಜುಬೇದಾ ಅವಳ ಕಾಲು ನೋಡಿದಳು. ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಹೂತುಹೋಗಿತ್ತು. ಮುಖ ನೋಡಿದಳು. ಕಣ್ಣ ಕೆಳಗೆ ನೀರು ತುಂಬಿದ ಚೀಲ.

“ಚಿಗವ್ವ, ಯಾವಾಗಿಂದ ಹಿಂಗ?”

“ಬಿಸಲು ಭಾಳ ಅಲ್ಲೇನವಾ,” ಎಂದು ಪಲ್ಲವ್ವ ನಕ್ಕು ಬೆನ್ನು ತಿರುಗಿಸಿದಳು.

ಬಿಲ್ಲೆ ಅಂಟಿಸಿದರು. ಪರದೆಯ ಮೇಲೆ ಚುಕ್ಕಿ ಹತ್ತಿದವು. ಎಡಗಡೆ ಒಂದು ಹಿಡಿ. ಬಲಗಡೆ ಅಷ್ಟೂ ಇಲ್ಲ. ಅವರೆಕಾಳಿನ ಆಕಾರವೇ ಉಳಿದಿರಲಿಲ್ಲ.

“ಇರಲಿ, ಇರಲಿ,” ಎಂದ ಕುಬೇರಪ್ಪ ಅತಿಥಿಗಳ ಕಡೆ ತಿರುಗಿ. “ಇದು ಕಷಾಯದ ಮೊದಲು. ಈಗ ನೋಡ್ರಿ ಮಜಾ.”

ಫಕೀರವ್ವ ತಾನೇ ಲೋಟ ಹಿಡಿದು ಕುಡಿಸಿದಳು. ಒಂದು. ಎರಡು. ಎಲ್ಲರೂ ಪರದೆಯ ಮೇಲೆ ಕಣ್ಣು ನೆಟ್ಟು ಕೂತರು. ಅರ್ಧ ಗಂಟೆ ಕಳೆಯಿತು. ಮುಕ್ಕಾಲು ಗಂಟೆ. ಶೆಡ್ಡಿನ ತಗಡು ಬಿಸಿಲಿಗೆ ಟಣ್ ಟಣ್ ಎನ್ನುತ್ತಿತ್ತು. ಮೆಣಸಿನ ಘಾಟಿಗೆ ಅತಿಥಿಗಳಲ್ಲೊಬ್ಬ ಕೆಮ್ಮಿ ಕೆಮ್ಮಿ ಹೊರಗೆ ಹೋದ. ಒಂದು ಗಂಟೆ.

ಒಂದು ಚುಕ್ಕಿಯೂ ಹೊಸದಾಗಿ ಹತ್ತಲಿಲ್ಲ.

“ಇನ್ನೊಂದು ಲೋಟ ಕುಡಿ,” ಎಂದಳು ಫಕೀರವ್ವ.

“ಬ್ಯಾಡ ಚಿಗವ್ವ,” ಜುಬೇದಾ ಅವಳ ಕೈ ಹಿಡಿದಳು.

“ಬಿಡು ನನ್ನ ಕೈ! ಕುದ್ದದ್ದು ಕಡಿಮಿ ಆಗೇತಿ. ಅಥವಾ ನಿನ್ನ ಕನ್ನಡಿ ಕೆಟ್ಟೈತಿ.” ಫಕೀರವ್ವ ಪರದೆಯ ಹತ್ತಿರ ಹೋಗಿ, ಧೂಳು ಕೂತಿದೆಯೇನೋ ಎನ್ನುವಂತೆ ಸೆರಗಿನಿಂದ ಒರೆಸಿದಳು. ಇನ್ನೊಮ್ಮೆ ಒರೆಸಿದಳು. ಕಪ್ಪು ಹೋಗಲಿಲ್ಲ. ಅವಳ ಕೈ ಅಲ್ಲೇ ನಿಂತುಬಿಟ್ಟಿತು.

ಅತಿಥಿಗಳು ಹೇಳದೆ ಕೇಳದೆ ಹೊರಟುಹೋದರು. ಕುಬೇರಪ್ಪ ಅವರ ಹಿಂದೆ ಓಡಿದ. ಶೆಡ್ಡಿನೊಳಗೆ ಹೆಂಗಸರು ಮಾತ್ರ ಉಳಿದರು.

“ನನ್ನ ಕಷಾಯದಾಗ ವಿಷ ಐತೇನು ಜುಬೇದಾ?” ಫಕೀರವ್ವ ಪರದೆಯಿಂದ ಈ ಕಡೆ ತಿರುಗಿದಳು. “ಖರೇ ಹೇಳು. ನಾನ ನನ್ನ ತಂಗೀನ ಕೊಂದ್ನೇನು?”

“ವಿಷ ಇಲ್ಲ ಚಿಗವ್ವ. ಜನವರಿಯೊಳಗ ಒಯ್ದು ನೋಡಸೀನಿ. ಒಂದ ಗುಂಜಿ ವಿಷ ಇಲ್ಲ.” ಜುಬೇದಾ ಪಲ್ಲವ್ವನ ಮುಂದೆ ನೆಲದ ಮೇಲೆ ಕೂತಳು. “ಚಿಗವ್ವ, ನೀ ದಿನಕ್ಕ ಎಷ್ಟು ಗುಳಿಗಿ ನುಂಗತಿದ್ದಿ?”

ಪಲ್ಲವ್ವ ಅಕ್ಕನ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು.

“ಮೊದಲ ಒಂದ. ನಡು ಭಾಳ ಹಿಡದ್ರ ಒಂದ.”

“ಕನ್ನಡಿ ಬಂದ ಮ್ಯಾಲೆ?”

ಪಲ್ಲವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಮೈಲವ್ವ ಬಾಯಿ ಹಾಕಿದಳು, “ಹೇಳವಾ, ಇಲ್ಲೇನು ಪೊಲೀಸರು ಬಂದಾರೇನು?”

“ಮೂರು. ಒಮ್ಮೊಮ್ಮಿ ನಾಕು.” ಪಲ್ಲವ್ವನ ದನಿ ಸಣ್ಣದಾಯಿತು. “ಸಂಜಿಗೆ ಕಷಾಯ ಕುಡಿತಿದ್ದೆ, ದೀಪ ಹತ್ತತಿದ್ದವು. ಹತ್ತಿದ್ವು ಅಂದ್ರ ಎಲ್ಲಾ ಸರಿ ಆತಲ್ಲ ಅಕ್ಕಾ. ಮರುದಿನ ನೋವು ಯಾಕ ತಿನ್ನಬೇಕು ಅಂತ ಮುಂಜಾನಿ ಎರಡು ನುಂಗತಿದ್ದೆ. ಊಟದ ಮ್ಯಾಲೆ ಇನ್ನೊಂದು. ನೋವ ಇರತಿದ್ದಿಲ್ಲ. ಇಪ್ಪತ್ತು ವರ್ಷದ ಹುಡುಗಿ ಇದ್ದಂಗ ಕೆಲಸ ಮಾಡೀನಿ ಈ ಹಂಗಾಮು.”

“ದೀಪ ಕಡಿಮಿ ಆಗೋದು ಕಾಣಲಿಲ್ಲೇನು?”

“ಎಷ್ಟು ಹತ್ತಿದ್ವು ಅಂತ ಯಾರ ಎಣಸತಾರ? ಹತ್ತಿದ್ರ ಸಾಕಾಗಿತ್ತು. ಹದಿನೈದು ದಿನದಿಂದ ನೋಡಿಲ್ಲ. ಮೈ ಭಾರ, ಸಾಲಿನ್ಯಾಗ ನಿಲ್ಲಾಕ ಆಗವಲ್ದು.”

ಜುಬೇದಾ ತಲೆಯೆತ್ತಿ ಸುತ್ತ ನೋಡಿದಳು. “ಉಳಿದವರು?”

ಮೊದಲು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಒಂದು ಕೈ ಎದ್ದಿತು. ‘ನಾ ಎರಡು.’ ಇನ್ನೊಂದು. ‘ಮೂರು.’ ಪಕ್ಕದ ಶೆಡ್ಡಿನವಳು, ‘ನಮ್ಮಲ್ಲೆ ಎಲ್ಲಾರೂ ಹೆಚ್ಚು ಮಾಡೇವಿ, ಕಷಾಯ ಐತೆಲ್ಲ ಅಂತ.’ ಒಂದೊಂದೇ ಕೈ ಏಳುತ್ತ ಇಡೀ ಶೆಡ್ಡಿನಲ್ಲಿ ಕೈ ಎತ್ತದೆ ಉಳಿದದ್ದು ಫಕೀರವ್ವ ಒಬ್ಬಳೇ. ಅವಳು ಆ ಕೈಗಳನ್ನು ಹೊಲದಲ್ಲಿ ಹಾವು ಕಂಡವಳ ಹಾಗೆ ನೋಡುತ್ತ ನಿಂತಳು. ತಾನು ಎರಡೆರಡು ಲೋಟ ಕುಡಿಸಿದ ಕೈಗಳು ಅವು.

ಆ ದಿನ ಒಬ್ಬೊಬ್ಬರ ಐದು ತಿಂಗಳ ಚಿತ್ರವನ್ನೂ ಅವರೆದುರಿಗೇ ತೆರೆದು ನೋಡಿದರು. ಕಷಾಯ ಕುಡಿಯದ, ಗುಳಿಗೆಗೆ ಹೆದರಿ ಒಂದಕ್ಕೇ ನಿಂತಿದ್ದ ಏಳೆಂಟು ಜನರನ್ನು ಇನ್ನೊಂದು ಶೆಡ್ಡಿನಿಂದ ಕರೆಸಿದರು; ಜನವರಿಯಲ್ಲಿ ಕುತೂಹಲಕ್ಕೆ ಬಂದು ಒಮ್ಮೆ ಬಿಲ್ಲೆ ಅಂಟಿಸಿಕೊಂಡಿದ್ದವರು ಅವರು. ಅವರ ಚುಕ್ಕಿಗಳು ಹೆಚ್ಚು ಕಡಿಮೆ ಜನವರಿಯಲ್ಲಿದ್ದಷ್ಟೇ ಇದ್ದವು. ತಪ್ಪದೆ ಕಷಾಯ ಕುಡಿದವರ ಚುಕ್ಕಿಗಳೇ ಹೆಚ್ಚು ಆರಿದ್ದವು. ತಪ್ಪದೆ ಕುಡಿದವರಲ್ಲಿ ಪಲ್ಲವ್ವ ಮೊದಲನೆಯವಳು. ಅಕ್ಕನ ಕೈಯ ಕಷಾಯ ಅವಳು ಒಂದು ದಿನವೂ ಬಿಟ್ಟಿರಲಿಲ್ಲ.

“ಅರ್ಥ ಆಗವಲ್ದು,” ಎಂದಳು ಫಕೀರವ್ವ. “ವಿಷ ಇಲ್ಲ ಅಂತಿ. ಅವತ್ತು ಎಲ್ಲಾರ ಕಣ್ಣ ಮುಂದ ದೀಪ ಹತ್ತಿತು. ಹಂಗಾರ ನನ್ನ ಕಷಾಯ ಏನು ಮಾಡತಿತ್ತು?”

ಜುಬೇದಾ ಕಷಾಯದ ಹಂಡೆಯನ್ನು ನೋಡಿದಳು. ಹೇಳಿದರೆ ಈ ಮುದುಕಿಯ ಎದೆ ಒಡೆದೀತು, ಹೇಳದಿದ್ದರೆ ಇನ್ನೊಬ್ಬಳು ಸತ್ತಾಳು. ಮೈಲವ್ವನನ್ನು ಕೂರಿಸಿ ಬಿಲ್ಲೆ ಅಂಟಿಸಿದಳು. ಮುಂಜಾನೆಯಿಂದ ದುಡಿದ ಮೈ, ಪರದೆಯಲ್ಲಿ ಕಾಲು ಭಾಗ ಕಪ್ಪು. ಹಂಡೆಯ ಕಡೆ ಹೋಗದೆ, ಕೊಡದಿಂದ ಬರೀ ನೀರು ಬಗ್ಗಿಸಿ ಎರಡು ದೊಡ್ಡ ಲೋಟ ಕುಡಿಸಿದಳು.

ಅರ್ಧ ಗಂಟೆಗೆ ಅಂಚಿನಲ್ಲಿ ಒಂದು ಚುಕ್ಕಿ ಹತ್ತಿತು. ಆಮೇಲೆ ಸಾಲು ಸಾಲು.

“ಬರೇ ನೀರು?” ಫಕೀರವ್ವ ಪಿಸುಗುಟ್ಟಿದಳು.

“ಬರೇ ನೀರು.”

“ನೆಗ್ಗಿನಮುಳ್ಳು? ಹವೀಜ?”

“ಅವು ಕೆಡಕು ಮಾಡಿಲ್ಲ ಚಿಗವ್ವ. ಒಳ್ಳೇದು ಎಷ್ಟು ಮಾಡ್ಯಾವೋ ನನ್ನ ಕನ್ನಡಿಗೆ ಇನ್ನೂ ತಿಳಿದಿಲ್ಲ, ಸುಳ್ಳು ಹೇಳಂಗಿಲ್ಲ. ಆದ್ರ ಅವತ್ತು ದೀಪ ಹಚ್ಚಿದ್ದು ನೀ ಕುಡಿಸಿದ ಎರಡು ಲೋಟ ನೀರು. ಇಲ್ಲೆ ಮುಂಜಾನಿಂದ ಸಂಜಿ ಮಟಾ ಯಾರೂ ನೀರು ಕುಡಿಯಂಗಿಲ್ಲ. ಗುಳಿಗಿ ಕಾಲುವಿ ಮುಚ್ಚತೈತಿ, ಮ್ಯಾಲೆ ನೀರಿಲ್ಲ. ಬಾಯಾರಿ ಮಲಗಿಬಿಡತಾವ ಚುಕ್ಕಿ. ನೀರು ಬಂದ್ರ ಏಳತಾವ. ದಿನಾ ಮಲಗಿಸಿ ದಿನಾ ಎಬ್ಬಿಸಿದ್ರ ಒಂದು ದಿನ ಏಳಂಗಿಲ್ಲ. ಏಳದಿದ್ದದ್ದನ್ನ ಯಾವ ಬೇರೂ ಎಬ್ಬಸಂಗಿಲ್ಲ, ಯಾವ ಡಾಕ್ಟರೂ ಎಬ್ಬಸಂಗಿಲ್ಲ.”

ಫಕೀರವ್ವ ಧೊಪ್ಪನೆ ಕೂತಳು. ಹದಿನೈದು ವರ್ಷ ಮುಳ್ಳು ಆರಿಸಿದ ಬೆರಳುಗಳನ್ನು ಮಡಿಲಲ್ಲಿಟ್ಟು ನೋಡಿಕೊಂಡಳು. ಕೊಡ ಶೆಡ್ಡಿನ ಮೂಲೆಯಲ್ಲೇ ಇತ್ತು, ತುಂಬಿಯೇ ಇರುತ್ತಿತ್ತು. ಯಾಕೆ ಕುಡಿಯುತ್ತಿರಲಿಲ್ಲ ಎಂಬುದು ಅಲ್ಲಿದ್ದ ಪ್ರತಿಯೊಬ್ಬಳಿಗೂ ಗೊತ್ತಿತ್ತು. ಕುಡಿದರೆ ಹೋಗಬೇಕು. ಹೋಗಲಿಕ್ಕೆ ಜಾಗ ಎಲ್ಲಿದೆ? ಲಾರಿಗಳು ನಿಲ್ಲುವ ಬಯಲು ದಾಟಿ, ಗಂಡಸರ ಕಣ್ಣು ತಪ್ಪಿಸಿ, ಜಾಲಿ ಮುಳ್ಳಿನ ಮರೆಗೆ ಓಡಬೇಕು. ಅದಕ್ಕಿಂತ ಬಾಯಾರಿಕೆ ವಾಸಿ.

“ಅಂದ್ರ ನಾ ಈಗ ನೀರು ಕುಡದ್ರ ಸರಿ ಆಗತೈತೇನ ಜುಬೇದವ್ವ?” ಎಂದು ಕೇಳಿದಳು ಪಲ್ಲವ್ವ. ಚಿಕ್ಕ ಹುಡುಗಿಯ ಹಾಗೆ ಮುಖ ಅರಳಿತ್ತು. “ಕೊಡ ಪೂರಾ ಕುಡಿತೀನಿ ಬೇಕಾರ.”

ಜುಬೇದಾಳ ಕಣ್ಣಲ್ಲಿ ನೀರು ಬಂತು. “ಇಲ್ಲ ಚಿಗವ್ವ. ಇನ್ನ ನೀ ನೀರೂ ಅಳದು ಕುಡೀಬೇಕು. ದಿನಕ್ಕ ಇಷ್ಟ ಲೋಟ ಅಂತ. ಸೋಸಾಕ ಒಳಗ ಆಳಿಲ್ಲ, ಕುಡಿದದ್ದೆಲ್ಲ ಮೈಯಾಗ, ಎದಿಯಾಗ ನಿಲ್ಲತೈತಿ. ವಾರಕ್ಕ ಮೂರು ಸಲ ದವಾಖಾನಿಯಾಗ ಯಂತ್ರ ನಿನ್ನ ರಕ್ತ ಸೋಸಿ ಕೊಡತೈತಿ. ನಾ ಕರಕೊಂಡು ಹೋಗತೀನಿ.”

ಫಕೀರವ್ವನ ಬಾಯಿಂದ ಬಂದ ಸದ್ದು ಅಳುವೋ ಕೂಗೋ ಯಾರಿಗೂ ತಿಳಿಯಲಿಲ್ಲ. ಜನವರಿಯಲ್ಲಿ ಬದುಕಿಸಬಹುದಾಗಿದ್ದ ನೀರು ಮೇ ತಿಂಗಳಲ್ಲಿ ಕೊಲ್ಲುವ ನೀರಾಗಿತ್ತು. ನಡುವೆ ಇದ್ದದ್ದು ಒಂದು ಹಂಗಾಮು, ಒಂದು ನಂಬಿಕೆ.

“ಪೂರ್ತಿ ನಿನ್ನ ತಪ್ಪಲ್ಲ ಚಿಗವ್ವ,” ಎಂದಳು ಜುಬೇದಾ. “ನಿನ್ನ ಕಷಾಯ ಹದಿನೈದು ವರ್ಷದಾಗ ಇಷ್ಟು ಗುಳಿಗಿ ನುಂಗಿಸಿದ್ದಿಲ್ಲ. ನನ್ನ ಕನ್ನಡಿ ಐದು ತಿಂಗಳದಾಗ ನುಂಗಿಸ್ತು. ಕಣ್ಣಿಗೆ ಕಂಡರ ಮಂದಿ ಬುದ್ಧಿ ಕಲೀತಾರ ಅಂದಕೊಂಡಿದ್ದೆ. ಕಂಡದ್ದಕ್ಕ ಧೈರ್ಯ ಬಂತು ಎಲ್ಲಾರಿಗೂ.”

ಅವಳು ಎದ್ದು ಗೋಡೆಯ ಪರದೆಯನ್ನು ಕಳಚತೊಡಗಿದಳು. ಮೂರು ತಿರುಪು ಬಿಚ್ಚಿದ್ದಳು, ನಾಲ್ಕನೆಯದಕ್ಕೆ ಕೈ ಹಾಕಿದ್ದಳು. ಆಗ ಹಿಂದಿನಿಂದ ಮೈಲವ್ವನ ದನಿ ಬಂತು.

“ಅದನ್ನ ಯಾಕ ಒಯ್ತಿ ತಂಗಿ? ಅದು ಹೋದ್ರ ನಾವು ಇನ್ನ ಎಷ್ಟು ಗುಳಿಗಿ ನುಂಗಬಹುದು ಅಂತ ಹೆಂಗ ಗೊತ್ತಾಗಬೇಕು?”

ಕುಹಕವಿರಲಿಲ್ಲ. ಹುಂಬತನವೂ ಅಲ್ಲ. ನಾಳೆ ಮುಂಜಾನೆ ಎಂಟಕ್ಕೆ ಮತ್ತೆ ಕೂರಬೇಕಾದವಳ ಪ್ರಶ್ನೆ ಅದು. ಪಲ್ಲವ್ವನ ಕಪ್ಪು ಪರದೆಯನ್ನು ಅವಳು ತನ್ನ ಕಣ್ಣಾರೆ ನೋಡಿ ಇನ್ನೂ ಎರಡು ಗಂಟೆ ಆಗಿರಲಿಲ್ಲ. ಸುತ್ತಲಿದ್ದ ಹೆಂಗಸರು ಹೌದೆಂದು ತಲೆಯಾಡಿಸಿದರು. ಜುಬೇದಾ ತಿರುಪುಳಿಯನ್ನು ನೆಲಕ್ಕಿಟ್ಟಳು. ಹನ್ನೊಂದು ವರ್ಷ ಅವಳು ಈ ಯಂತ್ರ ಕಟ್ಟಿದ್ದಳು. ಅದರಿಂದ ಇಂಥ ಕೆಲಸವೂ ಆದೀತೆಂದು ಒಂದು ದಿನವೂ ಹೊಳೆದಿರಲಿಲ್ಲ.

“ನುಂಗಬ್ಯಾಡ್ರಿ ಅಂದ್ರ?” ಎಂದಳು.

“ಅಂದ್ರ ನೋವು ನೀ ತಿಂತಿಯೇನು? ಹತ್ತು ತಾಸು ಮೊಣಕಾಲು ಮಡಚಿ ಕೂತು ನೋಡು. ಆಮ್ಯಾಲೆ ಹೇಳು ನಮಗ.”

ಫಕೀರವ್ವ ಕೂತಲ್ಲಿಂದಲೇ ಶೆಡ್ಡನ್ನೆಲ್ಲ ಒಮ್ಮೆ ನೋಡಿದಳು. ನೆಲದ ಮೇಲೆ ಮೆಣಸಿನ ರಾಶಿ. ರಾಶಿಯ ಸುತ್ತ ಹೆಂಗಸರು ಕೂತು ಕೂತು ನುಣುಪಾದ ಅರವತ್ತು ಕುಳಿ. ಅವಳು ಆ ರಾಶಿಯನ್ನು ಹುಟ್ಟಿದ ಮೇಲೆ ಮೊದಲ ಸಲ ಕಂಡವಳ ಹಾಗೆ ನೋಡುತ್ತಿದ್ದಳು.

“ಏ ಮೈಲವ್ವ,” ಎಂದಳು. “ಈ ರಾಶಿ ನೆಲದ ಮ್ಯಾಲೆ ಯಾಕೈತಿ?”

“ಮತ್ತೆಲ್ಲಿರಬೇಕು? ನಿನ್ನ ತಲಿ ಮ್ಯಾಲೇನು?”

“ನಾವು ಯಾಕ ಅದರ ಮಟಾ ಬಗ್ಗೇವಿ? ಅದು ನಮ್ಮ ಮಟಾ ಬರಬಾರದೇನು?”

ಮೈಲವ್ವ ಎದ್ದು ನಿಂತು, ರಾಶಿ ಎಲ್ಲಿಯ ತನಕ ಬರಬೇಕೆಂದು ಸೊಂಟದ ಹತ್ತಿರ ಕೈ ಹಿಡಿದು ನೋಡಿದಳು.

ಕುಬೇರಪ್ಪ ಮೊದಲು ಒಪ್ಪಲಿಲ್ಲ. ಕಂಪನಿಯವರನ್ನು ಕಳಕೊಂಡ ಸಿಟ್ಟು ಇನ್ನೂ ಇಳಿದಿರಲಿಲ್ಲ. ಫಕೀರವ್ವ ಜಗಳ ಆಡಲಿಲ್ಲ. ಮರುದಿನ ಅರವತ್ತು ಜನರನ್ನೂ ಬಾಗಿಲ ಹೊರಗೆ ಕೂರಿಸಿದಳು. ತೊಟ್ಟಿರುವ ಕಾಯಿ ಒಳಗೆ, ತೊಟ್ಟು ಬಿಡಿಸುವ ಕೈ ಹೊರಗೆ. ಯಂತ್ರ ತರಿಸುತ್ತೇನೆ ಎಂದ ಕುಬೇರಪ್ಪ. ತರಿಸಪ್ಪಾ ಎಂದಳು. ಮೂರನೇ ದಿನ ಅವನು ಹಳೆ ಎಣ್ಣೆ ಪೀಪಾಯಿಗಳ ಮೇಲೆ ಸೊಂಟದೆತ್ತರಕ್ಕೆ ಉದ್ದನೆಯ ಹಲಗೆ ಹಾಕಿಸಿದ, ಎರಡೂ ಬದಿಗೆ ಬೆಂಚು ಹಾಕಿಸಿದ. ಒಂದು ವಾರ ಹಿಡಿದು ಶೆಡ್ಡಿನ ಹಿಂಗೋಡೆಗೆ ಒತ್ತಿಕೊಂಡು, ಒಳಗಿಂದ ಚಿಲಕವಿರುವ ಎರಡು ಪಾಯಖಾನೆ ಎದ್ದವು. ಗುಳಿಗೆ ಒಂದೇ ದಿನಕ್ಕೆ ನಿಲ್ಲಲಿಲ್ಲ. ಹಳೆ ನೋವು ಅಷ್ಟು ಬೇಗ ಬಿಡುವಂಥದ್ದಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಕೊಡ ಖಾಲಿಯಾಗತೊಡಗಿತು.

“ಮದುವಿ ಊಟಕ್ಕ ಪಂಕ್ತಿ ಹಾಕಿದಂಗ ಆತಲ್ಲೇ,” ಎಂದು ಮೈಲವ್ವ ಮೊದಲ ದಿನ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ನಕ್ಕಳು. ಬೇರೆಯವರೂ ನಕ್ಕರು. ಪಲ್ಲವ್ವ ದವಾಖಾನೆಯಿಂದ ಬಂದವಳು ಅವರ ತುದಿಗೆ ಕೂತಿದ್ದಳು. ಅವಳಿಗೆ ಈಗ ಕೆಲಸವಿಲ್ಲ. ಮನೆಯಲ್ಲಿ ಒಬ್ಬಳೇ ಇರಲಾರೆ ಎಂದು ಬಂದಿದ್ದಳು. ಕೈಯಲ್ಲಿ ಆ ದಿನದ ಪಾಲಿನ ನೀರು, ಸಣ್ಣ ಬಾಟಲಿಯಲ್ಲಿ. ಗುಟುಕು ಹಾಕುವ ಮೊದಲು ಬಾಟಲಿ ಎತ್ತಿ ಎಷ್ಟಿದೆ ಎಂದು ನೋಡುತ್ತಿದ್ದಳು.

ಜುಬೇದಾ ಹಲಗೆಯ ಮೇಲೆ ಕೈಯಾಡಿಸಿದಳು. ಸಾಧಾರಣ ಮರ. ಅಲ್ಲಲ್ಲಿ ಗಂಟು.

“ಜುಬೇದಾ,” ಫಕೀರವ್ವ ತಂಗಿಯ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು, “ನೀ ಕಲಿತಾಕಿ, ನಿನಗ ಗೊತ್ತಿರತೈತಿ. ನಾನೂ ಪಲ್ಲವ್ವನೂ ಈ ಕೆಲಸಕ್ಕ ಮೊದಲ ಕೂತದ್ದು ಎರಡು ಸಾವಿರದ ಇಪ್ಪತ್ತಾರನೇ ಇಸವಿಯಾಗ. ನಿನ್ನ ಕನ್ನಡಿ ಆಗ ಇರಲಿಲ್ಲ, ಅದು ಸರಿ. ಹಲಗಿ ಇರಲಿಲ್ಲೇನು?”

ಜುಬೇದಾ ಹಲಗೆಯ ಗಂಟೊಂದರ ಮೇಲೆ ಬೆರಳಿಟ್ಟಳು.

“ಇತ್ತು ಚಿಗವ್ವ,” ಎಂದಳು.